ಮಕ ನಿಂದಲ್ಲ ಕನ ಮಗ

ಯೂನಿವರ್ಸಿಟಿ ಹುಡುಗರು ಮೊಬೈಲು ಹಿಡಿದು ಹಾಳಾದರು ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಮೇಷ್ಟ್ರು ಹೇಳ್ತಾರೆ, ಮಠದ ಸ್ವಾಮಿಗಳು ಹೇಳ್ತಾರೆ, ಭಾನುವಾರದ ಪುರವಣಿಗಳಲ್ಲಿ ಡಾಕ್ಟರು ಬರೀತಾರೆ. ಎಲ್ಲರ ಔಷಧಿಯೂ ಒಂದೇ: ಫೋನು ಪಕ್ಕಕ್ಕಿಡು, ಮನಸ್ಸು ಗಟ್ಟಿ ಮಾಡಿಕೋ. ರೋಗವೂ ಹುಡುಗನದೇ, ತಪ್ಪೂ ಹುಡುಗನದೇ. ನವ್ಯದ ದಿನಗಳಲ್ಲಿ ನಮ್ಮ ಸಾಹಿತ್ಯವೂ ಬಹುಮಟ್ಟಿಗೆ ಹೀಗೇ ಮಾತಾಡುತ್ತಿತ್ತು. ಕೋಣೆಯಲ್ಲಿ ಒಬ್ಬ ಒಂಟಿಯಾಗಿ ನರಳಿದರೆ ಅದು ಅವನ ಅಂತರಂಗದ ಸಮಸ್ಯೆ. ಆ ಕೋಣೆಯ ಬಾಗಿಲಾಚೆಗೇ ಯಾರನ್ನು ನಿಲ್ಲಿಸಿದ್ದೀರಿ ಅಂತ ದಲಿತ-ಬಂಡಾಯ ಸಾಹಿತ್ಯ ಕೇಳಿತು. ಅಂಗೈಯಲ್ಲಿರುವ ಈ ಕನ್ನಡಿಯನ್ನೂ ಹಾಗೇ ಕೇಳಬೇಕಾಗಿದೆ.

ಮೊದಲು ಈ ಕನ್ನಡಿಯ ಹುಟ್ಟು ನೋಡೋಣ. 2003ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಮಾರ್ಕ್ ಜುಕರ್‌ಬರ್ಗ್ ಫೇಸ್‌ಮ್ಯಾಶ್ ಅನ್ನುವುದೊಂದನ್ನು ಮಾಡಿದ. ಜೊತೆಯ ವಿದ್ಯಾರ್ಥಿಗಳ ಫೋಟೋಗಳನ್ನು ಅವರನ್ನು ಕೇಳದೆ ಎತ್ತಿಕೊಂಡು, ಎರಡೆರಡು ಮುಖ ಪಕ್ಕಪಕ್ಕ ಇಟ್ಟು, ಯಾರು ಚೆಂದ ಹೇಳಿ ಅಂದ. ದನದ ಜಾತ್ರೆಯಲ್ಲಿ ಹಲ್ಲು ಎಣಿಸಿ ನೋಡುವ ಹಾಗೆ. ಅದು ಬೇಗ ಮುಚ್ಚಿತು. ಮರುವರ್ಷವೇ ಅವನ ಫೇಸ್‌ಬುಕ್ ಬಂತು. 2009ರಲ್ಲಿ ಅದಕ್ಕೆ ಲೈಕ್ ಗುಂಡಿ ಸೇರಿತು. 2010ರಲ್ಲಿ ಹುಟ್ಟಿದ ಇನ್‌ಸ್ಟಾಗ್ರಾಮನ್ನು 2012ರಲ್ಲಿ ಅದೇ ಕಂಪನಿ ಕೊಂಡುಕೊಂಡಿತು. ಮುಖ ತೂಗುವ ತಕ್ಕಡಿ ಹಾಸ್ಟೆಲಿನಿಂದ ಹೊರಟು ಲೋಕಕ್ಕೆಲ್ಲ ಹಬ್ಬಿದ್ದು ಹೀಗೆ.

ಅದರ ಫಲ ಏನು? ಫೇಸ್‌ಬುಕ್ ಅಮೆರಿಕದ ಎಲ್ಲ ಕಾಲೇಜುಗಳಿಗೂ ಒಂದೇ ದಿನ ಹೋಗಲಿಲ್ಲ. ಮೊದಲು ಹೋದ ಕಡೆಯನ್ನೂ ತಡವಾಗಿ ಹೋದ ಕಡೆಯನ್ನೂ ಇಟ್ಟು ನೋಡಿದ ಬ್ರಗಿಯೇರಿ, ಲೆವಿ, ಮಕಾರಿನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2022ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಅದು ಕಾಲಿಟ್ಟ ಕಡೆ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ ಕೆಟ್ಟಿತ್ತು. ತನ್ನನ್ನು ಇನ್ನೊಬ್ಬರ ಜೊತೆ ಹೋಲಿಸಿಕೊಂಡು ಕುಗ್ಗುವುದೇ ಇದಕ್ಕೆ ಮುಖ್ಯ ಕಾರಣವಿರಬೇಕು ಅಂದರು. 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದವರು 143 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೂ ಇದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಒಂದೊಂದಕ್ಕೂ ದಿನಕ್ಕೆ ಹತ್ತೇ ನಿಮಿಷ ಅಂತ ಮೂರು ವಾರ ಕಟ್ಟು ಹಾಕಿದಾಗ ಒಂಟಿತನವೂ ಖಿನ್ನತೆಯೂ ಇಳಿದವು. ಇನ್‌ಸ್ಟಾಗ್ರಾಂ ಕೆಲವು ಹದಿಹರೆಯದ ಹುಡುಗಿಯರಿಗೆ ತಮ್ಮ ಮೈಯ ಮೇಲೇ ಬೇಸರ ಹೆಚ್ಚಿಸುತ್ತದೆ ಅಂತ ಕಂಪನಿಯ ಒಳಗಿನ ಸಂಶೋಧನೆಯೇ ಹೇಳಿತ್ತು. ಆ ಕಾಗದಗಳು 2021ರಲ್ಲಿ ಹೊರಬಿದ್ದವು. ಗೊತ್ತಿದ್ದೂ ಅಂಗಡಿ ನಡೀತು.

ಈ ಮಾತನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ 'ಹೋಲಿಕೆ' ಅನ್ನುವ ಮಾತಿನ ಹತ್ತಿರ ನಿಲ್ಲುತ್ತೇನೆ. ಅವರ ಲೆಕ್ಕದಲ್ಲಿ ಅದು 2004ರಲ್ಲಿ ಬಂದ ಪಿಡುಗು. ನಮ್ಮ ಲೆಕ್ಕ ಯಾವ ಇಸವಿಯಿಂದ ಶುರುಮಾಡುವುದು? ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳನ್ನು ಹಾಸ್ಟೆಲಿನೊಳಗೇ ಹೇಗೆ ಬೇರೆ ಮಾಡಿದ್ದರು ಅಂತ ಥೋರಟ್ ಸಮಿತಿ ವರದಿ ಕೊಟ್ಟದ್ದು 2007ರಲ್ಲಿ. ಆಗ ಇನ್‌ಸ್ಟಾಗ್ರಾಂ ಹುಟ್ಟೇ ಇರಲಿಲ್ಲ. ಎಂಟ್ರೆನ್ಸಿನಲ್ಲಿ ನಿನ್ನ ರ‍್ಯಾಂಕ್ ಎಷ್ಟು ಅನ್ನುವ ಪ್ರಶ್ನೆಗಿಂತ ದೊಡ್ಡ ತಕ್ಕಡಿ ಯಾವ ಫೋನಿನಲ್ಲಿದೆ?

ನಮ್ಮೂರಲ್ಲಿ ಸುಗ್ಗಿಯ ಕೂಲಿಗೆ ರಾಗಿ ಅಳೆಯುತ್ತಿದ್ದ ಸೇರು ಗೌಡರ ಮನೆಯದು. ಅಳೆಯುವ ಕೈಯೂ ಅವರದೇ. ರಾಗಿ ಕಮ್ಮಿ ಬಿದ್ದಾಗ ನಮ್ಮಜ್ಜಿ ತನ್ನ ಬೆನ್ನನ್ನೇ ಬೈದುಕೊಳ್ಳುತ್ತಿದ್ದಳಂತೆ, ಸೇರನ್ನು ಬೈದದ್ದಿಲ್ಲ. ಅವಳ ಮೊಮ್ಮಗ ನಾನು ಎಂ.ಎ. ಓದಿದೆ. ಫೋಟೋಕ್ಕೆ ಹನ್ನೆರಡು ಲೈಕು ಬಿದ್ದ ರಾತ್ರಿ ನಾನೂ ನನ್ನ ಮುಖವನ್ನೇ ಬೈದುಕೊಂಡೆ.

ಒಂದು ಸಲ ಫೋನಿನ ಫಿಲ್ಟರು ಹಾಕಿ ಮುಖ ತಿದ್ದಿ ಊರಿಗೆ ತಂದು ಅವ್ವನಿಗೆ ತೋರಿಸಿದೆ. ಅವಳು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಇದ್ಯಾರ್ ಮಗ, ಗೌಡ್ರ ಮನೆ ಐದನಂಗವ್ನೆ? ಮೂಗು ನಿಂದೇಯ. ಮಕ ನಿಂದಲ್ಲ ಕನ ಮಗ" ಅಂದಳು. ನಗಬೇಕೋ ಅಳಬೇಕೋ ತಿಳಿಯದೆ ಕೂತೆ. ಯಾವ ವಿಮರ್ಶಕನೂ ನನ್ನ ಬಗ್ಗೆ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಇದು ಯಂತ್ರದ ಕೈತಪ್ಪೇ? 2017ರಲ್ಲಿ ಫೇಸ್ಆ್ಯಪ್ ಎಂಬುದು ಮುಖವನ್ನು ಇನ್ನಷ್ಟು ಆಕರ್ಷಕ ಮಾಡುತ್ತೇನೆ ಅಂತ ಕಪ್ಪು ಮುಖಗಳನ್ನು ಬೆಳ್ಳಗೆ ಮಾಡಿತು. ಜನ ಉಗಿದ ಮೇಲೆ ಮಾಡಿದವರು ಕ್ಷಮೆ ಕೇಳಿದರು. ಕಲಿಸಿದ್ದೇ ಅಂಥ ಮುಖಗಳಿಂದ ಅಂದರು. ನಮ್ಮ ದೇಶಕ್ಕೆ ಇದೇನು ಹೊಸದಲ್ಲ. ಫೇರ್ ಅಂಡ್ ಲವ್ಲಿ 1975ರಿಂದ ಮಾರಾಟವಾಯಿತು. 2020ರಲ್ಲಿ 'ಫೇರ್' ತೆಗೆದು 'ಗ್ಲೋ' ಅಂತ ಹೆಸರು ಬದಲಿಸಿದರು. ಹೆಸರು ಹೋಯಿತು, ಬಿಳುಪಿನ ಆಸೆ ಹೋಯಿತೇ? ಬಿಸಿಲಿನಲ್ಲಿ ದುಡಿದವರ ಬಣ್ಣ ಕೀಳು, ನೆರಳಿನಲ್ಲಿ ಕೂತು ಉಂಡವರ ಬಣ್ಣ ಮೇಲು ಅನ್ನುವ ಹಳೆಯ ಶಾಸ್ತ್ರವನ್ನು ಯಂತ್ರ ಈಗ ಕಣ್ಣು ಮಿಟುಕಿಸುವುದರೊಳಗೆ ಒಪ್ಪಿಸುತ್ತದೆ.

ಹಾಗಂತ ಫೋನು ಬಿಸಾಕಿ ಅನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಅಪ್ಪನ ಮುಖ ಫೋಟೋದಲ್ಲಿ ಬಿದ್ದದ್ದು ಎರಡೇ ಸಲ, ರೇಷನ್ ಕಾರ್ಡಿಗೆ ಮತ್ತು ಓಟಿನ ಗುರುತಿನ ಚೀಟಿಗೆ. ನಮ್ಮ ಮುಖ ನಾವೇ ತೆಗೆದುಕೊಳ್ಳುವುದು ಸಣ್ಣ ಹಕ್ಕಲ್ಲ. ಮಾತಿಲ್ಲದವರಿಗೆ ಮಾತು ಬೇಕು ಅಂತಲೇ ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ತೆಗೆದರು. ಹೈದರಾಬಾದ್ ವಿಶ್ವವಿದ್ಯಾನಿಲಯ ಹಾಸ್ಟೆಲಿನಿಂದ ಹೊರಹಾಕಿದ್ದ ರೋಹಿತ್ ವೇಮುಲ 2016ರ ಜನವರಿ 17ರಂದು ನಮ್ಮನ್ನು ಅಗಲಿದಾಗ, ಅವನು ಬರೆದಿಟ್ಟ ಕಾಗದವನ್ನು ಹಾಸ್ಟೆಲಿನಿಂದ ಹಾಸ್ಟೆಲಿಗೆ ಮುಟ್ಟಿಸಿದ್ದರಲ್ಲಿ ಈ ಫೋನುಗಳ ಪಾಲೂ ಇತ್ತು.

ಹಾಸ್ಟೆಲಿನ ಗೋಡೆಯ ಮೇಲೆ ಸೂಟು ತೊಟ್ಟ ಬಾಬಾಸಾಹೇಬರ ಫೋಟೋ ಇದೆ. ಅದೂ ಒಂದು ಸ್ವಂತ ಚಿತ್ರವೇ. ಹರಕು ಬಟ್ಟೆಯೇ ನಿಮ್ಮ ಪಾಡು ಅಂದವರಿಗೆ ಕೊಟ್ಟ ಉತ್ತರ ಅದು. ಆ ಫೋಟೋ ನಮ್ಮನ್ನು ನೋಡುತ್ತದೆ, ಓದಿದೆಯಾ, ಸಂಘಟನೆ ಮಾಡಿದೆಯಾ ಅಂತ ಕೇಳುತ್ತದೆ. ಫೋನಿನ ನನ್ನ ಫೋಟೋವಾದರೆ ನೋಡುವವರನ್ನು ಬಾಗಿಲಲ್ಲಿ ನಿಂತು ಕಾಯುತ್ತದೆ, ಜೀತದಾಳು ಕೂಲಿಗೆ ಕಾದ ಹಾಗೆ. ಏಪ್ರಿಲ್ 14ರಂದು ಬಾಬಾಸಾಹೇಬರ ಚಿತ್ರ ಸ್ಟೇಟಸ್ಸಿಗೆ ಹಾಕಲು ಹೆದರಿ, ಜಾತಿ ತಿಳಿದೀತು ಅಂತ ಮಧ್ಯಾಹ್ನಕ್ಕೇ ಅಳಿಸಿದ ಗೆಳೆಯನನ್ನು ನಾನು ಕಂಡಿದ್ದೇನೆ. ಅವನ ಆ ಹೆದರಿಕೆಗೆ ಖಿನ್ನತೆ ಅಂತಷ್ಟೇ ಹೆಸರಿಟ್ಟು ಮಾತ್ರೆ ಕೊಟ್ಟರೆ ಮುಗಿಯಿತೇ?

ಡಾಕ್ಟರು ಬೇಡ ಅಂತಲ್ಲ. ನಿದ್ದೆ ಕೆಟ್ಟ ಗೆಳೆಯನನ್ನು ಕೈಹಿಡಿದು ಕರೆದುಕೊಂಡು ಹೋಗಿ. 2022ರಲ್ಲಿ ಸರ್ಕಾರ ಶುರುಮಾಡಿದ ಟೆಲಿ-ಮಾನಸ್ ಇದೆ. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆದರೆ ಹಾಸ್ಟೆಲಿನಲ್ಲಿ, ಕ್ಲಾಸಿನಲ್ಲಿ ಅವನನ್ನು ಅಳೆಯುವ ಸೇರು ಅದೇ ಇದ್ದರೆ ವಾಸಿಯಾಗಿ ಬಂದವನು ಮತ್ತೆ ಅಲ್ಲೇ ಬೀಳುತ್ತಾನೆ.

ಕೊನೆಗೆ ನಮ್ಮ ಕವಿಮಿತ್ರರಿಗೆ ಒಂದು ಮಾತು, ನನಗೂ ಸೇರಿಸಿಯೇ. ಈಗೀಗ ನಾವು ಬೆಳಿಗ್ಗೆ ಬರೆದು ಸಂಜೆ ಲೈಕು ಎಣಿಸುತ್ತಿದ್ದೇವೆ. ಕಮ್ಮಿ ಬಿದ್ದ ಸಾಲನ್ನು ಮಾರನೆಯ ದಿನ ಬರೆಯುವುದಿಲ್ಲ. ಸಿಟ್ಟು ಚೆನ್ನಾಗಿ ಓಡುತ್ತದೆ ಅಂದರೆ ಸಿಟ್ಟು, ಕಣ್ಣೀರು ಓಡುತ್ತದೆ ಅಂದರೆ ಕಣ್ಣೀರು. ಕೇರಿಯ ನೋವಿಗೂ ಫಿಲ್ಟರು ಹಾಕಿದರೆ ಆ ಕವಿತೆಯನ್ನು ಕೇರಿಗೆ ಒಯ್ದಾಗ ಅವ್ವಂದಿರು ಏನಂದಾರು? ಓದಿ ಹೇಳುವ ಮೊದಲೇ ಮುಖ ನೋಡಿ ತಿಳಿದುಕೊಳ್ಳುತ್ತಾರೆ, ಇದು ನಮ್ಮ ಐದ ಬರೆದದ್ದಲ್ಲ ಅಂತ.