ಎಷ್ಟಾಯ್ತು ಸಾರ್ ಇದು?

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಹೋದವರಿಗೆಲ್ಲ ಈ ಅನುಭವ ಆಗಿರುತ್ತದೆ. ಗಾಜಿನ ಮನೆ ತಲುಪುವುದರೊಳಗೆ ಯಾರಾದರೊಬ್ಬರು ಪಕ್ಕಕ್ಕೆ ಬಂದು ‘ಎಷ್ಟಾಯ್ತು ಸಾರ್ ಇದು?’ ಎಂದು ಕೇಳಿಯೇ ಕೇಳುತ್ತಾರೆ. ಹೆಸರಿಲ್ಲ, ಊರಿಲ್ಲ, ನೇರವಾಗಿ ರೇಟಿಗೇ ಬರುತ್ತಾರೆ. ಫೋಟೊ ಹುಚ್ಚಿನವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ನೆನೆದು ನಗುವುದುಂಟು. ನಾನೂ ನಕ್ಕಿದ್ದೇನೆ. ಈಚೆಗೆ ನಗು ಬರುವುದಿಲ್ಲ. ಗುರುತಿಲ್ಲದವರ ಕ್ಯಾಮೆರಾ ಕಂಡು ಮಾತಿಗೆಳೆಯಲು ನಮ್ಮಲ್ಲಿರುವ ದಾರಿಗಳ ಪೈಕಿ ಇದೇ ವಾಸಿ ಅನ್ನಿಸತೊಡಗಿದೆ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಒಂದು ಸುತ್ತು ಹಾಕಿ. ಕೊಳ್ಳುವ ಯೋಚನೆಯೇ ಇಲ್ಲದ ರೈತ ಯಾರದೋ ಹಳ್ಳಿಕಾರ್ ಜೋಡಿಯ ಮುಂದೆ ನಿಂತು, ಬೆನ್ನು ಸವರಿ, ಎಷ್ಟು ಹಲ್ಲಾಗಿದೆ ನೋಡಿ, ರೇಟು ಕೇಳುತ್ತಾನೆ. ನಿಜವಾದ ವ್ಯಾಪಾರ ನಡೆಯುವುದು ಟವೆಲ್ಲಿನ ಮರೆಯಲ್ಲಿ, ಬೆರಳು ಹಿಡಿದು. ಬಾಯಲ್ಲಿ ಕೇಳುವ ರೇಟು ‘ನಿಮ್ಮ ಎತ್ತು ಚೆನ್ನಾಗಿದೆ, ನಾನು ನೋಡಿದೆ’ ಎನ್ನುವುದಕ್ಕಷ್ಟೆ. ಲಾಲ್‌ಬಾಗಿನ ಪ್ರಶ್ನೆಯೂ ಅದೇ ಜಾತಿಯದು. ಅಂಕಿಯಲ್ಲೇ ಉತ್ತರ ಕೊಡಬೇಕೆಂದಿಲ್ಲ. ‘ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು’ ಅಂದರೂ ಸಾಕು, ಮುಂದಿನ ಮಾತು ಅವರ ಮೊಮ್ಮಗಳ ನಾಮಕರಣಕ್ಕೆ ದಾಟಿರುತ್ತದೆ.

ತಿಳಿದವರ ಪ್ರಶ್ನೆಯೇ ಬೇರೆ. ‘ಫುಲ್ ಫ್ರೇಮಾ?’ ‘ಇನ್ನೂ ಮಿರರ್‌ಲೆಸ್‌ಗೆ ಹೋಗಿಲ್ವಾ?’ ಇದು ಮಾತುಕತೆಯಲ್ಲ, ವೈವಾ. ಉತ್ತರಕ್ಕೆ ತಕ್ಕ ಹಾಗೆ ನಿಮ್ಮನ್ನು ಯಾವ ಮಣೆಯ ಮೇಲೆ ಕೂರಿಸಬೇಕೆಂದು ಅಲ್ಲೇ ತೀರ್ಮಾನವಾಗುತ್ತದೆ. ಬೇರೆಯವರ ಮೇಲೆ ಹಾಕುವುದು ಬೇಡ, ನಾನೇ ಮಾಡಿದ್ದನ್ನು ಹೇಳುತ್ತೇನೆ. ಅದೇ ಲಾಲ್‌ಬಾಗಿನಲ್ಲಿ ಕಾಲೇಜು ಹುಡುಗನೊಬ್ಬ ನೆಲಕ್ಕೆ ಮೊಣಕೈ ಊರಿ ಡೇಲಿಯಾ ತೆಗೆಯುತ್ತಿದ್ದ. ಮಾತಾಡಿಸೋಣವೆಂದು ‘ಕಿಟ್ ಲೆನ್ಸಾ?’ ಅಂದೆ. ಅದು ಕ್ಯಾಮೆರಾದ ಜೊತೆಗೇ ಬರುವ ಸಾಧಾರಣ ಕಿಟ್ ಲೆನ್ಸೇ, 18-55. ಅವನು ಹೂಂ ಅನ್ನಲೂ ಇಲ್ಲ. ಎಡಗೈ ತಾನಾಗಿ ಲೆನ್ಸಿನ ಮೇಲಿನ ಬರಹ ಮುಚ್ಚಿಕೊಂಡಿತು. ಹರಿದ ಅಂಗಿಯನ್ನು ಮುಚ್ಚಿಕೊಳ್ಳುವ ಹಾಗೆ. ತೆಗೆದ ಫೋಟೊ ತೋರಿಸು ಅಂತ ಕೇಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಹೆಂಗಸರಿಗೆ ಈ ವೈವಾ ಜೊತೆ ಟ್ಯೂಷನ್ನೂ ಪುಕ್ಕಟೆ. ರಂಗನತಿಟ್ಟಿನ ದೋಣಿಯಲ್ಲಿ ನನ್ನ ಸ್ನೇಹಿತೆ ಹಾರುತ್ತಿದ್ದ ನದಿ ರೀವವೊಂದರ ಹಿಂದೆ ಬಿದ್ದಿದ್ದಳು. ಸಂಜೆ ಬೆಳಕು. ಆ ಹಕ್ಕಿಯ ರೆಕ್ಕೆ ನಿಲ್ಲಿಸಲು ಷಟರ್ ಸೆಕೆಂಡಿನ 2000ದಲ್ಲಿ ಒಂದು ಪಾಲಾದರೂ ಇರಬೇಕು, ಆದ್ದರಿಂದ ಬೇಕೆಂದೇ ಐಎಸ್‌ಓ 1600ಕ್ಕೆ ಏರಿಸಿದ್ದಳು. ಹಿಂದಿನ ಸೀಟಿನವರು ಬಗ್ಗಿ ನೋಡಿ, ‘ಐಎಸ್‌ಓ ಕಮ್ಮಿ ಮಾಡಿ ಮೇಡಂ, ಗ್ರೇನ್ಸ್ ಬರುತ್ತೆ’ ಅಂದರು. ಅವಳು ತಿರುಗಿದಳು, ರೀವ ನೀರಿಗೆ ಬಿದ್ದು ಮೀನು ಕಚ್ಚಿಕೊಂಡು ಹೋಯಿತು. ಹೇಳಿದವರದು ಕೆಟ್ಟ ಮನಸ್ಸಲ್ಲ. ಆದರೆ ಅವರು ಕ್ಯಾಮೆರಾದ ಪರದೆ ನೋಡಿದರೇ ಹೊರತು ಅದು ಯಾವುದರ ಕಡೆ ತಿರುಗಿದೆ ಎಂದು ನೋಡಲಿಲ್ಲ. ಈ ಹವ್ಯಾಸಕ್ಕೆ ಅಂಟಿಕೊಂಡ ದೊಡ್ಡ ರೋಗ ಇದೇ.

ಸೆಕ್ಯೂರಿಟಿಯವರ ‘ಪರ್ಮಿಷನ್ ಇದೆಯಾ?’ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಮೆಗಾಪಿಕ್ಸೆಲ್ಲಿನ ಫೋನುಗಳು ಅವರ ಕಣ್ಣೆದುರೇ ಸಾಲಾಗಿ ಒಳಗೆ ಹೋಗುತ್ತವೆ. ತಡೆಯುವುದು ಕತ್ತಿನಲ್ಲಿ ನೇತಾಡುವುದನ್ನು ಮಾತ್ರ.

ಮಾತು ನಿಜವಾಗಿ ಕಳೆಗಟ್ಟುವುದು ಹಳೆಯ ಕ್ಯಾಮೆರಾ ಹೊರಗೆ ಬಂದಾಗ. ನನ್ನ ಹತ್ತಿರ ಒಂದು ಯಾಷಿಕಾ ಮ್ಯಾಟ್ 124ಜಿ ಇದೆ. 1970ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ, ಮೇಲೊಂದು ಕೆಳಗೊಂದು ಎರಡು ಲೆನ್ಸು. 120ರ ರೀಲು ಹಾಕಿದರೆ ಹನ್ನೆರಡು ಚೌಕದ ಫೋಟೊ. ಇದರ ಒಂದು ಗುಣವೆಂದರೆ ತೆಗೆಯುವವನ ಮುಖ ಮರೆಯಾಗುವುದಿಲ್ಲ. ಕಣ್ಣಿಗೆ ಒತ್ತುವ ಕ್ಯಾಮೆರಾ ಮುಖವಾಡದಂತೆ. ಇದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನೊಳಗೆ ನೋಡಬೇಕು. ತಲೆ ತಗ್ಗಿಸಿ ನಿಂತವನ ಹತ್ತಿರ ಬರಲು ಯಾರೂ ಹಿಂಜರಿಯುವುದಿಲ್ಲ.

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಹಾಗೇ ನಿಂತಿದ್ದೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು, ಕೈಯಲ್ಲಿ ಮಲ್ಲಿಗೆಯ ಪೊಟ್ಟಣ, ಏನೂ ಕೇಳದೆ ಬಂದು ನನ್ನ ಜೊತೆಗೇ ಆ ಗಾಜಿನೊಳಗೆ ಬಗ್ಗಿದರು. ಅದರಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ನಾನು ಹೂವಿನವಳನ್ನು ನಡುವೆ ತರಲು ಒದ್ದಾಡುತ್ತಿದ್ದೆ. ‘ಆಕಡೆ ಅಲ್ಲ, ಈಕಡೆ ತಿರುಗಿಸಿ’ ಎಂದು ನನ್ನ ಮೊಣಕೈಯನ್ನು ಎರಡು ಬೆರಳಿನಿಂದ ತಳ್ಳಿದರು. ಹೂವಿನವಳು ಸರಿಯಾಗಿ ನಡುವೆ ಬಂದಳು.

ಸ್ಟುಡಿಯೊ ಇಟ್ಟುಕೊಂಡಿದ್ದರಂತೆ. ‘ಮದುವೇಲಿ ಧಾರೆ ಹೊತ್ತಿಗೆ ಹೊಸಾ ರೀಲು ಇರ್ಬೇಕು ನೋಡಿ. ಒಳಗೆ ಇನ್ನೂ ಮೂರು ಫೋಟೊ ಉಳಿದಿದ್ರೂ ಸುತ್ತಿ ಹೊರಗೆ ತೆಗೆದ್ಬಿಡ್ತಿದ್ದೆ. ಮೂರು ಹೋದ್ರೆ ಹೋಗ್ಲಿ, ಧಾರೆ ಎರಡು ಸಲ ಎರೆಯಲ್ವಲ್ಲ!’ ಹನ್ನೆರಡರ ರೀಲಿನಲ್ಲಿ ಮೂರು ಬಿಡುವುದೆಂದರೆ ಕಾಲುಭಾಗ. ಆ ಲೆಕ್ಕ ನಾನು ಓದಿದ ಯಾವ ಕ್ಯಾಮೆರಾ ವಿಮರ್ಶೆಯಲ್ಲೂ ಇಲ್ಲ. ಲೆನ್ಸಿನ ಚೂಪು, ಗ್ಲಾಸಿನ ಗುಣ ಎಂದು ಪುಟಗಟ್ಟಲೆ ಬರೆಯುವವರಿಗೆ ಪುರೋಹಿತರ ‘ಗಟ್ಟಿಮೇಳ’ದ ಕೂಗಿಗೆ ಕಿವಿಗೊಟ್ಟು ರೀಲು ಬದಲಿಸಿದವರ ಎದೆಬಡಿತ ಹೇಗೆ ಗೊತ್ತಾಗಬೇಕು?

ಕ್ಯಾಮೆರಾ ಅವರ ಕೈಗೆ ಕೊಟ್ಟೆ. ಪೊಟ್ಟಣ ನನ್ನ ಕೈಗೆ ಬಂತು. ಮುಚ್ಚಳ ಮಡಿಸಿ, ಮತ್ತೆ ತೆರೆದು, ಫೋಕಸ್ ಗುಂಡಿಯನ್ನು ಎರಡು ಸಲ ತಿರುವಿ ನೋಡಿದರು. ಷಟರ್ ಮುಟ್ಟಲಿಲ್ಲ, ಒಳಗೆ ರೀಲಿದೆ ಎಂಬ ಗೌರವ. ‘ಈಗ ಎಲ್ಲಿ ತೊಳೆಸ್ತೀರಿ?’ ಅಂದರು. ಮನೆಯಲ್ಲೇ, ಬಚ್ಚಲಲ್ಲಿ ಅಂದೆ. ತಲೆದೂಗಿದರು.

ಮಲ್ಲಿಗೆ ವಾಪಸು ತೆಗೆದುಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು, ‘ಅಂದ್ಹಾಗೆ, ಎಷ್ಟಕ್ಕೆ ಬಂತು ಇದು?’ ಎಂದರು.

ಹೇಳಿದೆ.

‘ಜಾಸ್ತಿ ಕೊಟ್ರಿ’ ಎಂದು ನಕ್ಕು ಜನರೊಳಗೆ ಸೇರಿಹೋದರು.