ಹದಿಮೂರರ ಹುಡುಗಿ ಒಲ್ಲೆ ಎಂದ ಹಾಡು

1972ರಲ್ಲಿ ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ಸಂಗೀತ ನಿರ್ಮಾಪಕ ಬಿಲ್ಲಿ ಶೆರಿಲ್, ತಾನು ಹೊಸದಾಗಿ ಕರೆತಂದ ಹುಡುಗಿಗೆ ಸಂತೋಷ ಉಕ್ಕುವ ಹಾಡೊಂದನ್ನು ಕೇಳಿಸಿದರು. ಹುಡುಗಿ ಒಲ್ಲೆ ಎಂದಳು. ಆ ಹಾಡು ಡೋನಾ ಫಾರ್ಗೊ ಕಂಠದಲ್ಲಿ ಕಂಟ್ರಿ ಪಟ್ಟಿಯ ತುದಿಗೇರಿತು. ಟೆಕ್ಸಸ್‌ನ ಸೆಮಿನೋಲ್‌ನಲ್ಲಿ ಹುಟ್ಟಿದ ಆ ಹುಡುಗಿ ಟಾನ್ಯಾ ಟಕರ್ ಆರಿಸಿಕೊಂಡದ್ದು ‘ಡೆಲ್ಟಾ ಡಾನ್’. ಆಗ ಅವಳಿಗೆ 13 ವರ್ಷ.

ಬಾಲಪ್ರತಿಭೆಗಳ ಬಗ್ಗೆ ಮಾತು ಬಂದಾಗಲೆಲ್ಲ ನಾವು ಕಂಠವನ್ನಷ್ಟೇ ಹೊಗಳುತ್ತೇವೆ. ನನ್ನ ಮಟ್ಟಿಗೆ ಟಾನ್ಯಾಳ ದೊಡ್ಡ ಪ್ರತಿಭೆ ಆ ಆಯ್ಕೆ. ಪ್ರೀತಿಸಿದವನು ಕೈಬಿಟ್ಟ ಮೇಲೂ ಅವನಿಗಾಗಿ ಕಾಯುತ್ತ ಊರಲ್ಲಿ ಅಲೆಯುವ, ನಲವತ್ತು ದಾಟಿದ ಹೆಂಗಸಿನ ಕಥೆ ಅದು. ಹಾಡುವವಳು ಆ ಹೆಂಗಸಲ್ಲ, ಅವಳನ್ನು ನೋಡುತ್ತಿರುವ ಊರಿನವಳು. ಅಂಥ ನೋಟಕ್ಕೆ ವಯಸ್ಸಿನ ಹಂಗಿಲ್ಲ. ಬೀದಿಯಲ್ಲಿ ನಿಂತ ಮಗುವಿಗೂ ಅದು ಸಲ್ಲುತ್ತದೆ. ರೆಕಾರ್ಡಿನಲ್ಲಿ ಪಲ್ಲವಿ ಬರಿಯ ಕಂಠಗಳಲ್ಲೇ ಏಳುತ್ತದೆ, ವಾದ್ಯಗಳು ಆಮೇಲೆ. ಟಾನ್ಯಾಳ ದನಿಯಲ್ಲಿ ಮುದ್ದುತನವೇ ಇಲ್ಲ. ತುಸು ಒರಟು, ಕೆಳಸ್ವರದಲ್ಲಿ ಗಟ್ಟಿ. ಅಲೆಕ್ಸ್ ಹಾರ್ವಿ ಜೊತೆ ಈ ಹಾಡು ಬರೆದ ಲ್ಯಾರಿ ಕಾಲಿನ್ಸ್ ಕೂಡ, 1950ರ ದಶಕದಲ್ಲಿ ಅಕ್ಕನ ಜೊತೆಗೂಡಿ ‘ಕಾಲಿನ್ಸ್ ಕಿಡ್ಸ್’ ಎಂದು ಮೆರೆದ ಬಾಲಕಲಾವಿದ.

ಮುಂದಿನ ದಾರಿ ಸಲೀಸಾಗಿರಲಿಲ್ಲ. 1974ರಲ್ಲಿ ಹದಿಹರೆಯದ ಹುಡುಗಿ ಪ್ರೌಢ ಪ್ರೇಮದ ಹಾಡು ಹಾಡಿದಾಗ ಕೆಲವರು ಹುಬ್ಬೇರಿಸಿದರು. ರಾಕ್‌ನತ್ತ ಹೊರಳಿದ್ದು, ಕುಡಿತ, ಮಾದಕವ್ಯಸನ, ಹಾಡುಗಳೇ ಪಟ್ಟಿಯೇರದ ಎಂಬತ್ತರ ದಶಕದ ನಡುವಿನ ವರ್ಷಗಳು, ಎಲ್ಲವನ್ನೂ ಲೋಕ ನೋಡಿತು. 1986ರಲ್ಲಿ ಟಾನ್ಯಾ ಮತ್ತೆ ಎದ್ದು ಬಂದರು. 1991ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಗಾಯಕಿಯಾದರು.

ಇನ್ನೊಬ್ಬ ಬಾಲಗಾಯಕಿ ಲಿಯಾನ್ ರೈಮ್ಸ್ ದಾರಿ ಬೇರೆ. 1996ರಲ್ಲಿ, ಅವಳೂ 13ರಲ್ಲೇ, ‘ಬ್ಲೂ’ ಹಾಡಿದಳು. ಪ್ಯಾಟ್ಸಿ ಕ್ಲೈನ್ ಮತ್ತೆ ಹುಟ್ಟಿ ಬಂದಳು ಎಂದರು. 14ಕ್ಕೆ ಎರಡು ಗ್ರ್ಯಾಮಿ, 2000ದಲ್ಲಿ ಹಣಕ್ಕಾಗಿ ಹೆತ್ತ ತಂದೆಯ ಮೇಲೆಯೇ ದಾವೆ. ಸತ್ತು ದಂತಕಥೆಯಾದ ಗಾಯಕಿಯ ಹೆಸರನ್ನು ಮಗುವಿನ ಹೆಗಲಿಗೇರಿಸುವುದು ನನಗೆ ಎಂದೂ ಹಿಡಿಸಿಲ್ಲ. ಆ ಮಗುವಿಗೆ ತನ್ನದೇ ದನಿ ಹುಡುಕಿಕೊಳ್ಳಲು ಎಷ್ಟು ವರ್ಷ ಬೇಕಾಗುತ್ತದೋ!

2019ರಲ್ಲಿ ಗಾಯಕಿ ಬ್ರ್ಯಾಂಡಿ ಕಾರ್ಲೈಲ್ ಮತ್ತು ಗಾಯಕ ಶೂಟರ್ ಜೆನ್ನಿಂಗ್ಸ್ ಸೇರಿ ಟಾನ್ಯಾರಿಂದ ‘ವೈಲ್ ಐಯಾಮ್ ಲಿವಿನ್’ ಆಲ್ಬಮ್ ಮಾಡಿಸಿದರು. ಅದರ ಕೊನೆಯ ಹಾಡು ‘ಬ್ರಿಂಗ್ ಮೈ ಫ್ಲವರ್ಸ್ ನೌ’ ಕೇಳಿ. ಪಿಯಾನೊ ಮುಂದಿದೆ, ಆ ಶಾರೀರಕ್ಕೆ ಮರೆಯಾಗಿ ನಿಲ್ಲುವ ವಾದ್ಯ ಇನ್ನೊಂದಿಲ್ಲ. ಗೊಗ್ಗರು ಏರಿದೆ. ಅದನ್ನು ನಯಗೊಳಿಸುವ ಗೋಜಿಗೆ ಯಾರೂ ಹೋಗಿಲ್ಲ. ದಶಕಗಳ ಕಾಲ ಮುಖ್ಯವಾಗಿ ಪರರ ಹಾಡುಗಳಿಗೆ ದನಿಯಾದ ಟಾನ್ಯಾ, ಇದನ್ನು ಬರೆದವರಲ್ಲೂ ಒಬ್ಬರು. 2020ರ ಜನವರಿಯಲ್ಲಿ ಈ ಹಾಡಿಗೂ ಆಲ್ಬಮ್ಮಿಗೂ ಗ್ರ್ಯಾಮಿ ಬಂತು. ಅವರ ಮೊದಲ ಗ್ರ್ಯಾಮಿಗಳು ಅವು, 61ನೇ ವಯಸ್ಸಿನಲ್ಲಿ.