ದಾನವೋ, ಋಣದ ತೀರುವಳಿಯೋ: ಆಲನ್ ಪೇಟನ್ನರ ಕಾದಂಬರಿಯಲ್ಲಿ ಚರ್ಚು

ಆಲನ್ ಪೇಟನ್ನರ ‘ಕ್ರೈ, ದಿ ಬಿಲವೆಡ್ ಕಂಟ್ರಿ’ ಎಂಬ ಕಾದಂಬರಿ ಪ್ರಕಟವಾದದ್ದು 1948ರಲ್ಲಿ. ಅದಾಗಿ ಕೆಲವೇ ತಿಂಗಳಿಗೆ, ಅದೇ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ, ದಕ್ಷಿಣ ಆಫ್ರಿಕದ ಆಡಳಿತ ನ್ಯಾಷನಲ್ ಪಕ್ಷದ ಕೈಸೇರಿ, ಬಹುಕಾಲದ ರೂಢಿಯಾಗಿದ್ದ ವರ್ಣಭೇದ ‘ಅಪಾರ್ಥೈಡ್’ ಎಂಬ ಹೆಸರಿನಿಂದ ರಾಜ್ಯನೀತಿಯಾಗಿ ನೆಲೆಗೊಂಡಿತು. ಕ್ಷಮೆಯ ಮಹಾಕೃತಿಯೆಂದು ಇದನ್ನು ಕೊಂಡಾಡಿದವರು ಬಹಳ. ಸಾಧುವಾದ ಕರಿಯನನ್ನು ಚಿತ್ರಿಸಿ ಬಿಳಿಯರ ಮನಸ್ಸಿಗೆ ತಂಪೆರೆದ ಕೃತಿಯೆಂದು ಹಳಿದವರೂ ಉಂಟು. ಕಾದಂಬರಿಯ ಸಜ್ಜನರಲ್ಲಿ ಬಹುಮಂದಿ ಚರ್ಚಿನವರೇ ಆಗಿರುವಾಗ, ಅನ್ಯಾಯದೆದುರಿಗೆ ಆ ಚರ್ಚು ಮಾಡುವುದೇನು ಎಂಬ ಪ್ರಶ್ನೆ ಮಾತ್ರ ಈ ಹೊಗಳಿಕೆ ತೆಗಳಿಕೆಗಳ ನಡುವೆ ಹಿಂದೆ ಸರಿದಿದೆ.

ಕಥೆಯ ಎಳೆ ಸರಳವಾದದ್ದು. ನಟಾಲ್ ಪ್ರಾಂತದ ಎನ್‌ಡೊಟ್‌ಶೇನಿ ಎಂಬ ಬರಡು ಕಣಿವೆಯ ಜುಲು ಪಾದ್ರಿ ಸ್ಟೀಫನ್ ಕುಮಾಲೊ ತಂಗಿಯನ್ನೂ ಮಗನನ್ನೂ ಅರಸಿಕೊಂಡು ಜೊಹಾನ್ಸ್‌ಬರ್ಗಿಗೆ ಹೋಗುತ್ತಾನೆ. ಮಗ ಆಬ್ಸಲೊಮ್ ಕಳವಿಗೆಂದು ಹೊಕ್ಕ ಮನೆಯಲ್ಲಿ ಗಾಬರಿಗೊಂಡು ಒಬ್ಬ ಬಿಳಿಯನನ್ನು ಗುಂಡಿಟ್ಟು ಕೊಂದಿರುತ್ತಾನೆ. ಸತ್ತ ಆರ್ಥರ್ ಜಾರ್ವಿಸ್ ಕರಿಯರ ನ್ಯಾಯಕ್ಕಾಗಿ ದುಡಿಯುತ್ತಿದ್ದವನು. ಅವನ ತಂದೆ ಕುಮಾಲೊನ ಕಣಿವೆಯ ಮೇಲಣ ಗುಡ್ಡದ ಸಿರಿವಂತ ಜಮೀನುದಾರ. ಮಗನಿಗೆ ಗಲ್ಲಾಗುತ್ತದೆ. ಇಬ್ಬರು ತಂದೆಯರು ದುಃಖದಲ್ಲಿ ಹತ್ತಿರವಾಗುತ್ತಾರೆ.

ಈ ದುಃಖದಲ್ಲಿ ಚರ್ಚು ಕೈಬಿಡುವುದಿಲ್ಲ. ಇಂಗ್ಲೆಂಡಿನಿಂದ ಬಂದ ಫಾದರ್ ವಿನ್ಸೆಂಟ್ ವಕೀಲನನ್ನು ಗೊತ್ತುಮಾಡುತ್ತಾನೆ. ವಕೀಲ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ. ಕರಿಯ ಪಾದ್ರಿ ಮ್ಸಿಮಾಂಗು ಸೊಫಿಯಾಟೌನಿನಲ್ಲಿ ಆಶ್ರಯ ಒದಗಿಸಿ, ಬೀದಿಬೀದಿ ಅಲೆದು, ಕೊನೆಗೆ ಅಂಚೆ ಕಚೇರಿಯ ಉಳಿತಾಯದಲ್ಲಿದ್ದ ಮೂವತ್ತಮೂರು ಪೌಂಡಿಗೆ ಮೇಲ್ಪಟ್ಟ ತನ್ನ ಸರ್ವಸ್ವವನ್ನೂ ಮುದುಕನ ಕೈಗೆ ಹಾಕುತ್ತಾನೆ. ಆ ಪುಟಗಳನ್ನು ಕಣ್ಣೊದ್ದೆಯಾಗದೆ ಓದುವುದು ಕಷ್ಟ. ಆದರೆ ಇವೆಲ್ಲವೂ ಕರುಣೆಯ ಕಾರ್ಯಗಳು, ನ್ಯಾಯವೆಂಬುದು ಬೇರೆ. ಎಜೆನ್ಜೆಲೇನಿಯ ಅಂಧರ ಆಶ್ರಮದಲ್ಲಿ ಮ್ಸಿಮಾಂಗು ಮಾಡುವ ಉಪದೇಶ ಕುಮಾಲೊನನ್ನು ಬದುಕಿಸುತ್ತದೆ. ಒಂದು ಜನಾಂಗವನ್ನೇ ಎಬ್ಬಿಸಬಲ್ಲ ಕಂಠ ಸದಾ ಸ್ವರ್ಗವನ್ನೇ ನುಡಿಯುತ್ತದೆಯಲ್ಲಾ ಎಂದು ಅವನನ್ನು ಹೀಗಳೆಯುವವರಿದ್ದಾರೆಂದು ಕರ್ತೃವೇ ಅಲ್ಲಿ ತಿಳಿಸುತ್ತಾರೆ. ಮುಂದೆ ಆ ಕಂಠವೂ ಮಠದ ಮೌನವನ್ನು ಸೇರುತ್ತದೆ. ಕುಮಾಲೊನ ಸೋದರ ಜಾನ್‌ನ ಸಿಂಹಕಂಠದ ಹಿಂದೆ ಎದೆಗಾರಿಕೆಯಿಲ್ಲ. ಎದೆಗಾರಿಕೆಯಿರುವ ಡುಬುಲಾ ಹಿಂದೆ ಚರ್ಚಿನವನಾಗಿದ್ದು, ದೇವರು ಮಾಡದೆ ಬಿಟ್ಟದ್ದನ್ನು ಮನುಷ್ಯನೇ ಮಾಡಬೇಕೆಂದು ಹೊರಗೆ ಬಂದವನು. ಬಸ್ಸು ಬಹಿಷ್ಕಾರದ ಪ್ರಸಂಗದಲ್ಲಿ ಇಬ್ಬರು ಪಾದ್ರಿಗಳೂ ಅಲೆಕ್ಸಾಂಡ್ರಕ್ಕೆ ಹನ್ನೊಂದು ಮೈಲಿ ನಡೆದೇ ಹೊರಡುವುದು ಅವನ ಮಾತಿಗೆ ಕಟ್ಟುಬಿದ್ದು. ಕಂಠ ಒಬ್ಬನಲ್ಲಿ, ಧೈರ್ಯ ಇನ್ನೊಬ್ಬನಲ್ಲಿ, ಭಕ್ತಿ ಮತ್ತೊಬ್ಬನಲ್ಲಿ. ಮೂರೂ ಒಂದೇ ಮೈಯಲ್ಲಿ ಕೂಡಿದ ಕ್ರೈಸ್ತನನ್ನು ಪೇಟನ್ನರು ಸೃಷ್ಟಿಸಲಿಲ್ಲ.

ಕಟುವಾದ ಆಪಾದನೆ ಕಾದಂಬರಿಯಲ್ಲಿ ಇಲ್ಲವೆಂದಲ್ಲ. ಕ್ರೈಸ್ತವೆಂದು ಹೇಳಿಕೊಳ್ಳುವ ಬಿಳಿಯರ ನಾಗರಿಕತೆ ತನ್ನ ಶ್ರದ್ಧೆಗೂ ಭಯಕ್ಕೂ ನಡುವೆ ಸೀಳಿಹೋಗಿದೆಯೆಂಬ ನೇರವಾದ ವಾದ ಅಲ್ಲಿ ಬರುತ್ತದೆ. ಆದರೆ ಬರುವುದು ಸತ್ತ ಆರ್ಥರನ ಮೇಜಿನ ಮೇಲಣ ಅಪೂರ್ಣ ಹಸ್ತಪ್ರತಿಯಲ್ಲಿ. ಯಾವ ಪಾದ್ರಿಯೂ ವೇದಿಕೆಯಿಂದ ಆಡದ ಮಾತನ್ನು ಒಬ್ಬ ಮೃತ ಗೃಹಸ್ಥ ಕಾಗದದ ಮೇಲೆ ಆಡಬೇಕಾಯಿತು.

ಬಿಷಪ್ಪನ ಪ್ರಸಂಗವಂತೂ ಇನ್ನೂ ವಿಚಾರಕ್ಕೆ ಯೋಗ್ಯವಾದದ್ದು. ಕೊಲೆಗಾರನ ತಂದೆ ಸತ್ತವನ ತಂದೆಯ ನೆರೆಯಲ್ಲೇ ಪಾದ್ರಿಯಾಗಿರುವುದು ತರವಲ್ಲವೆಂದು ಬಿಷಪ್ಪ ಕುಮಾಲೊನಿಗೆ ವರ್ಗವಾಗುವಂತೆ ಬುದ್ಧಿ ಹೇಳುತ್ತಿರುತ್ತಾನೆ. ಅಷ್ಟರಲ್ಲಿ ಜಾರ್ವಿಸನ ಪತ್ರ ಬರುತ್ತದೆ: ತೀರಿಕೊಂಡ ಹೆಂಡತಿಯ ಇಚ್ಛೆಯಂತೆ ಊರಿಗೆ ಹೊಸ ಚರ್ಚನ್ನು ಕಟ್ಟಿಸಿಕೊಡುವುದಾಗಿ. ಬಿಷಪ್ಪನ ಮನಸ್ಸು ತಿರುಗುತ್ತದೆ. ಕರ್ತೃವಿನ ದೃಷ್ಟಿಯಲ್ಲಿ ಇದು ದೈವಕೃಪೆ. ಆದರೆ ಮುದುಕನ ಮೂವತ್ತು ವರ್ಷದ ಸೇವೆಯಿಂದ ಅಲುಗದ ತೀರ್ಮಾನ ಬಿಳಿಯ ಜಮೀನುದಾರನ ಒಂದು ಓಲೆಯಿಂದ ಅಲುಗಿತು. ಇದರ ವ್ಯಂಗ್ಯವನ್ನು ಪೇಟನ್ನರು ಕಂಡರೋ ಇಲ್ಲವೋ, ಓದುಗನ ಕಣ್ಣಿಗೆ ಅದು ಬೀಳದಿರದು.

ಇನ್ನು ಲೆಟ್ಸಿಟ್ಸಿಯ ಮಾತು. ಇವನು ಜಾರ್ವಿಸ್ ಕಳಿಸಿಕೊಟ್ಟ ತರುಣ ಕೃಷಿಬೋಧಕ. ಹಾಲು ಬಂತು, ಅಣೆಕಟ್ಟಿಗೆ ಗುರುತಿನ ಕೋಲುಗಳು ನೆಟ್ಟವು. ಕುಮಾಲೊ ಧಣಿಯ ಔದಾರ್ಯವನ್ನು ಕೊಂಡಾಡುತ್ತಿರುವಾಗ ಈ ಹುಡುಗ ವಿನಯದಿಂದಲೇ ತಿದ್ದುತ್ತಾನೆ. ನಮಗಿಷ್ಟು ಕಡಿಮೆ ನೆಲ ಬಿಟ್ಟವನು ಬಿಳಿಯ, ನೆಲದಿಂದ ಗಣಿಗೆ ಎಳೆದವನು ಬಿಳಿಯ, ನಮ್ಮ ಅಜ್ಞಾನವೂ ಜೊತೆಗೂಡಿ ಕಣಿವೆ ಹಾಳಾಯಿತು. ಆದ್ದರಿಂದ ಈ ಒಳ್ಳೆಯ ಮನುಷ್ಯ ಮಾಡುತ್ತಿರುವುದು ಬರಿಯ ಮರುಪಾವತಿ ಎಂಬುದು ಅವನ ತಾತ್ಪರ್ಯ. ಕುಮಾಲೊನಿಗೆ ಈ ಮಾತು ರುಚಿಸುವುದಿಲ್ಲ; ದ್ವೇಷ ಬೇಡವೆಂದು ಎಚ್ಚರಿಸಿ ಸುಮ್ಮನಾಗುತ್ತಾನೆ. ಲೆಕ್ಕದ ಪುಸ್ತಕ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಂದೇ ಮೊತ್ತವನ್ನು ದಾನವೆಂದು ಬರೆದರೆ ಪಡೆದವನು ಕೃತಜ್ಞನಾಗಬೇಕು. ಋಣದ ತೀರುವಳಿಯೆಂದು ಬರೆದರೆ ಬಾಕಿಯೆಷ್ಟೆಂದು ಕೇಳುವ ಹಕ್ಕು ಅವನದು. ಬಾಕಿಯೇನೂ ಅಲ್ಪವಲ್ಲ. 1913ರ ಭೂ ಕಾಯಿದೆ ದೇಶದ ಬಹುಸಂಖ್ಯಾತರಿಗೆ ಮೀಸಲಿಟ್ಟದ್ದು ಸುಮಾರು ಶೇಕಡ 7ರಷ್ಟು ನೆಲ. 1936ರ ಕಾಯಿದೆ ಅದನ್ನು ಸುಮಾರು 13ಕ್ಕೆ ಏರಿಸಲು ಒಪ್ಪಿತು. ಕಾದಂಬರಿಯ ಚರ್ಚು ದಾನದ ಕಡೆ ನಿಂತಿದೆ. ಕಾದಂಬರಿ ಮಾತ್ರ, ಈ ಒಂದು ಪುಟದ ಮಟ್ಟಿಗೆ, ತನ್ನ ಚರ್ಚಿಗಿಂತ ಹೆಚ್ಚು ತಿಳಿದಿದೆ.

ಕನ್ನಡದ ಓದುಗನಿಗೆ ಇಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ (1933) ನೆನಪಾಗುವುದು ಸಹಜ. ಭೂಮಿ ಸಿಕ್ಕೀತೆಂಬ ಆಸೆಯಿಂದ ಚೋಮ ಕ್ರೈಸ್ತನಾಗಲು ಹೊರಟು ನಡುದಾರಿಯಲ್ಲಿ ಹಿಂದಿರುಗುತ್ತಾನೆ. ಕಾರಂತರು ಅವನಿಗೆ ಉದಾರಿಯಾದ ಜಮೀನುದಾರನೊಬ್ಬನನ್ನು ಒದಗಿಸುವುದಿಲ್ಲ. ಆ ನಿಷ್ಠುರತೆಯೇ ಆ ಕೃತಿಯ ಬಲ.

ಪೇಟನ್ನರು ಚಿತ್ರಿಸಿದ್ದು ಆಂಗ್ಲಿಕನ್ ಚರ್ಚನ್ನು. ಆಳುವವರ ಚರ್ಚಾದ ಡಚ್ ರಿಫಾರ್ಮ್ಡ್ ಪಂಥ ಅವರ ಕಥೆಯಲ್ಲಿ ಪಾತ್ರ ವಹಿಸುವುದಿಲ್ಲ. ಆ ಪಂಥ ಕೇಪ್ ಪ್ರಾಂತದಲ್ಲಿ 1857ರಷ್ಟು ಹಿಂದೆಯೇ, ಕೆಲವರ ದೌರ್ಬಲ್ಯದ ನೆಪ ಹೇಳಿ, ಬೇರೆ ವರ್ಣದವರಿಗೆ ಬೇರೆ ಆರಾಧನೆಯನ್ನು ಒಪ್ಪಿ, 1881ರಲ್ಲಿ ಅವರಿಗೊಂದು ಪ್ರತ್ಯೇಕ ಮಿಷನ್ ಚರ್ಚನ್ನೇ ಮಾಡಿಕೊಟ್ಟಿತ್ತು. ಹೀಗಾಗಿ ಪ್ರಶ್ನೆಯ ಅತ್ಯಂತ ಕಠಿನವಾದ ಮುಖ, ಅಂದರೆ ಅನ್ಯಾಯಕ್ಕೆ ಬೈಬಲ್ಲಿನ ಆಧಾರ ಒದಗಿಸುವ ಚರ್ಚು, ಓದುಗನ ಎದುರಿಗೆ ಬರುವುದೇ ಇಲ್ಲ.

ಕಾದಂಬರಿ ಅರ್ಧಕ್ಕೆ ಬಿಟ್ಟದ್ದನ್ನು ಚರಿತ್ರೆ ಎತ್ತಿಕೊಂಡಿತು. ಕರಿಯರು ಬಿಳಿಯರ ಬಡಾವಣೆಯ ಚರ್ಚುಗಳಲ್ಲಿ ಪ್ರಾರ್ಥಿಸುವುದನ್ನು ತಡೆಯುವ ಅಧಿಕಾರ ಮಂತ್ರಿಗೆ ದೊರೆಯುವಂತೆ 1957ರಲ್ಲಿ ಮಸೂದೆ ಬಂದಾಗ, ಕೇಪ್‌ಟೌನಿನ ಆರ್ಚ್‌ಬಿಷಪ್ ಜೆಫ್ರಿ ಕ್ಲೇಟನ್, ಅಲ್ಲಿಯವರೆಗೆ ಜಾಗರೂಕತೆಗೇ ಹೆಸರಾದವರು, ಈ ಶಾಸನವನ್ನು ತಾವು ಪಾಲಿಸಲಾರೆವು, ಪಾಲಿಸಿರೆಂದು ಜನರಿಗೆ ಹೇಳಲಾರೆವು ಎಂದು ಪ್ರಧಾನಿಗೆ ಬರೆದ ಪತ್ರಕ್ಕೆ ಮಾರ್ಚ್ 6ರಂದು ಸಹಿ ಮಾಡಿದರು. ಮರುದಿನವೇ ತೀರಿಕೊಂಡರು. ಅವರ ಜೀವನಚರಿತ್ರೆಯನ್ನು 1973ರಲ್ಲಿ ಪ್ರಕಟಿಸಿದವರು ಪೇಟನ್ನರೇ ಎಂಬುದು ಗಮನಾರ್ಹ: ಕಲ್ಪನೆಯಲ್ಲಿ ಜಾರ್ವಿಸನ ಓಲೆಗೆ ಮಣಿಯುವ ಬಿಷಪ್ಪನನ್ನು ಬರೆದ ಲೇಖನಿ, ಇಪ್ಪತ್ತೈದು ವರ್ಷಗಳ ತರುವಾಯ, ತಾನೇ ಓಲೆ ಬರೆದ ಬಿಷಪ್ಪನ ಬಳಿಗೆ ಬಂದಿತು. ಮಿಕ್ಕದ್ದು ಲೆಟ್ಸಿಟ್ಸಿಯ ವಂಶದವರ ಕೆಲಸ. ಬೇರ್ಪಡಿಸಿ ಕಟ್ಟಿದ ಆ ಮಿಷನ್ ಚರ್ಚೇ 1982ರಲ್ಲಿ ಕರಡು ಮಾಡಿ 1986ರಲ್ಲಿ ಅಂಗೀಕರಿಸಿದ ಬೆಲ್ಹಾರ್ ವಿಶ್ವಾಸಪತ್ರ ಬೇರ್ಪಡಿಕೆಯ ಬೋಧನೆಯನ್ನು ತಿರಸ್ಕರಿಸಿತು. 1985ರ ಕೈರೋಸ್ ದಸ್ತಾವೇಜು ಪ್ರಭುತ್ವದ ದೇವತಾಶಾಸ್ತ್ರವನ್ನು ಖಂಡಿಸಿದ್ದಲ್ಲದೆ, ನ್ಯಾಯ ದೊರೆಯುವ ಮೊದಲೇ ರಾಜಿಯನ್ನು ಬೋಧಿಸುವ ಚರ್ಚಿನ ದೇವತಾಶಾಸ್ತ್ರವನ್ನೂ ಬಿಡಲಿಲ್ಲ. ಈ ಎರಡನೆಯ ಟೀಕೆ ಕುಮಾಲೊನ ಕಣಿವೆಗೆ ನೇರವಾಗಿ ತಾಗುತ್ತದೆ.

ತಾಗಿದರೂ ಪೂರ್ತಿ ಕೆಡವುದಿಲ್ಲ. ಮಗನಿಗೆ ಗಲ್ಲಾಗುವ ಬೆಳಗಿನಲ್ಲಿ ಬೆಟ್ಟದ ಮೇಲೆ ಒಂಟಿಯಾಗಿ ಕೂತ ಮುದುಕನಿಗೆ ಯಾವ ದಸ್ತಾವೇಜೂ ಜೊತೆಯಾಗಲಾರದು. ಅಲ್ಲಿ ಪೇಟನ್ನರ ಗದ್ಯ, ಅದರ ಬೈಬಲ್ಲಿನ ಲಯ, ಜೊತೆಯಾಗುತ್ತದೆ. 1990ರಲ್ಲಿ ರಸ್ಟೆನ್‌ಬರ್ಗಿನ ಸಮ್ಮೇಳನದಲ್ಲಿ ಡಚ್ ರಿಫಾರ್ಮ್ಡ್ ಪಂಡಿತ ವಿಲ್ಲಿ ಯಾಂಕರ್ ತಪ್ಪೊಪ್ಪಿಕೊಂಡಾಗ ಡೆಸ್ಮಂಡ್ ಟುಟು ಆ ನಿವೇದನೆಯನ್ನು ಸ್ವೀಕರಿಸಿದ್ದೂ ಕುಮಾಲೊನ ಮನೋಧರ್ಮಕ್ಕೆ ದೂರವಾದದ್ದಲ್ಲ. ಆದರೆ ಅಲ್ಲಿ ಒಪ್ಪಿಕೊಂಡದ್ದು ತಪ್ಪನ್ನು. ಜಾರ್ವಿಸ್ ಹಾಲು ಕಳಿಸಿದ, ಅಣೆಕಟ್ಟಿಗೆ ಏರ್ಪಾಡು ಮಾಡಿದ, ಚರ್ಚು ಕಟ್ಟಿಸಲು ಮುಂದಾದ. ಗುಡ್ಡದ ಮೇಲಣ ತನ್ನ ಹಸಿರು ನೆಲ ಯಾರದಾಗಿತ್ತೆಂದು ಅವನು ಎಲ್ಲಿಯೂ ಕೇಳುವುದಿಲ್ಲ, ಕುಮಾಲೊನೂ ಅವನನ್ನು ಕೇಳುವುದಿಲ್ಲ.